ಕೊಳಲು ಒತ್ತಿದರೆ ಪಿಯಾನೊ ಬರುತ್ತಿದೆಯೇ? ಎರಡು ಕೀಬೋರ್ಡ್‌ಗಳ ಮಿಡಿ ಚಾನೆಲ್, ಪ್ರೋಗ್ರಾಂ ಚೇಂಜ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಗಣೇಶನ ಪೆಂಡಾಲ್ ಇರಲಿ, ನಾಯಕನಹಟ್ಟಿ ಜಾತ್ರೆಯ ರಸಮಂಜರಿ ಇರಲಿ, ವೇದಿಕೆಯ ಜೋಡಣೆ ಹೆಚ್ಚುಕಡಿಮೆ ಒಂದೇ: ಎರಡು ಅಂತಸ್ತಿನ ಸ್ಟ್ಯಾಂಡ್ ಮೇಲೆ ಎರಡು ಕೀಬೋರ್ಡ್, ಪಕ್ಕದಲ್ಲಿ ರಿದಂ ಪ್ಯಾಡ್. ಕೆಳಗಿನ ಕೀಬೋರ್ಡ್ ನುಡಿಸಿ ಮೇಲಿನದರಿಂದ ಧ್ವನಿ ತೆಗೆಯೋಣವೆಂದು ಮಿಡಿ ಕೇಬಲ್ (ಯಾವ ಸ್ವರ ಒತ್ತಿದಿರಿ, ಯಾವ ಟೋನ್ ಬೇಕು ಎಂಬ ಸಂದೇಶವನ್ನು ಒಂದು ವಾದ್ಯದಿಂದ ಇನ್ನೊಂದಕ್ಕೆ ಒಯ್ಯುವ ತಂತಿ) ಹಾಕಿದ ಕೂಡಲೇ ತೊಂದರೆ ಶುರುವಾಗುತ್ತದೆ. ಕೊಳಲು ಕೇಳಿದರೆ ಪಿಯಾನೊ ಬರುತ್ತದೆ. ಪ್ಯಾಡ್ ಹೊಡೆದರೆ ಶಹನಾಯಿ ಕೂಗುತ್ತದೆ. ಒಂದು ಟೋನ್ ಬದಲಿಸಿದರೆ ಎಲ್ಲವೂ ಬದಲಾಗುತ್ತದೆ.

ಇದಕ್ಕೆ ಕೀಬೋರ್ಡ್ ಕೆಟ್ಟಿರುವುದು ಕಾರಣವಾಗುವುದು ಬಹಳ ಅಪರೂಪ. ಹೊಂದಿಸುವ ಕ್ರಮ ತಪ್ಪಿರುತ್ತದೆ. ಸ್ವರವೇ ಸರಿಯಾಗಿ ದಾಟದಿರುವಾಗ ಟೋನ್ ಆರಿಸುವ ಪ್ರೋಗ್ರಾಂ ನಂಬರ್ ಬದಲಿಸುತ್ತ ಕೂತರೆ ರಾತ್ರಿಯೆಲ್ಲ ಹುಡುಕಿದರೂ ದಾರಿ ಸಿಗುವುದಿಲ್ಲ. ಮೊದಲು ಕೇಬಲ್, ಆಮೇಲೆ ಚಾನೆಲ್, ಆಮೇಲೆ ಬ್ಯಾಂಕ್, ಪ್ರೋಗ್ರಾಂ ಎಲ್ಲಕ್ಕಿಂತ ಕೊನೆಗೆ. ಒಂದು ಹಂತ ಗಟ್ಟಿಯಾಗುವ ತನಕ ಮುಂದಿನದಕ್ಕೆ ಕೈ ಹಾಕಬೇಡಿ.

ಮೊದಲು ಇವು ಕೈಯಲ್ಲಿರಲಿ

ಎರಡೂ ಕೀಬೋರ್ಡ್‌ಗಳ ವಾಯ್ಸ್ ಲಿಸ್ಟ್ (ಟೋನ್‌ಗಳ ನಂಬರ್ ಪಟ್ಟಿ) ಬೇಕೇ ಬೇಕು. ಇದು ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿರುತ್ತದೆ, ಇಲ್ಲವೇ ಕಂಪನಿಯ ಜಾಲತಾಣದಲ್ಲಿ ಡೇಟಾ ಲಿಸ್ಟ್ ಎಂಬ ಬೇರೆ ಪಿಡಿಎಫ್ ಆಗಿ ಸಿಗುತ್ತದೆ. ಮಾದರಿಯ ಹೆಸರು ಅಕ್ಷರ ಅಕ್ಷರವೂ ಹೊಂದಬೇಕು. ಅಕ್ಕಪಕ್ಕದ ಮಾದರಿಯ ಪಟ್ಟಿ ಹಿಡಿದು ಕೂತರೆ ನಂಬರ್‌ಗಳು ಕೂಡುವುದಿಲ್ಲ.

ಇದರ ಜೊತೆಗೆ ಐದು ಪಿನ್ನಿನ ಎರಡು ಮಿಡಿ ಕೇಬಲ್, ಒಂದು ಮಲ್ಟಿಮೀಟರ್, ಹೆಡ್‌ಫೋನ್, ಪೆನ್ ಡ್ರೈವ್, ಕಾಗದ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಇದ್ದರೆ ಮಿಡಿ-ಆಕ್ಸ್‌ನಂಥ ಮಾನಿಟರ್ ತಂತ್ರಾಂಶ ಹಾಕಿಕೊಳ್ಳಿ. ಕೇಬಲ್‌ನಲ್ಲಿ ಏನು ಹರಿಯುತ್ತಿದೆ ಎಂಬುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ.

ಕೀಬೋರ್ಡ್ ಬಾಡಿಗೆಯದಾದರೆ ಹಿಂದಿನವರು ಬಿಟ್ಟುಹೋದ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ಏನನ್ನೂ ಬದಲಿಸುವ ಮುಂಚೆ ಮಿಡಿ ಮೆನುವಿನ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಫ್ಯಾಕ್ಟರಿ ರಿಸೆಟ್ ಒತ್ತುವ ಆತುರ ಬೇಡ. ಮಾಲೀಕರು ವರ್ಷಗಟ್ಟಲೆ ಕೂಡಿಟ್ಟ ಟೋನ್‌ಗಳೂ ಅದರ ಜೊತೆ ಅಳಿಸಿಹೋಗಬಹುದು.

ಹಂತ 1: ಕೇಬಲ್ ಸರಿಯಾದ ತೂತಿಗೆ

ನುಡಿಸುವ ಕೀಬೋರ್ಡ್‌ನ ಮಿಡಿ ಔಟ್‌ನಿಂದ ಧ್ವನಿ ಕೊಡುವ ಕೀಬೋರ್ಡ್‌ನ ಮಿಡಿ ಇನ್‌ಗೆ ಹಾಕಿ. ಔಟ್‌ನಿಂದ ಔಟ್‌ಗೆ ಹಾಕಿದರೆ ಏನೂ ಹಾಳಾಗುವುದಿಲ್ಲ, ಏನೂ ಕೇಳುವುದೂ ಇಲ್ಲ. ಥ್ರೂ ಎಂಬ ತೂತು ಇನ್‌ಗೆ ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ ಅಷ್ಟೆ. ಆ ಕೀಬೋರ್ಡ್‌ನ ಮೇಲೆ ನುಡಿಸಿದ್ದು ಅದರಿಂದ ಹೊರಡುವುದಿಲ್ಲ.

ಕೇಬಲ್ ಮೇಲೆ ಸಂಶಯವಿದ್ದರೆ ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ನೋಡಿ. ಅರ್ಧಚಂದ್ರದಂತೆ ನಿಂತ ಐದು ಪಿನ್ನುಗಳಲ್ಲಿ ನಟ್ಟನಡುವಿನದು 2, ಅದರ ಎರಡೂ ಪಕ್ಕದವು 4 ಮತ್ತು 5. ಮಾಹಿತಿ ಹೋಗುವುದು 4 ಮತ್ತು 5ರಲ್ಲಿ. ಈ ಮೂರೂ ಪಿನ್ನು ಆ ತುದಿಯ ತಮ್ಮದೇ ನಂಬರಿನ ಪಿನ್ನಿಗೆ ಬೀಪ್ ಕೊಡಬೇಕು. ತುದಿಯ 1 ಮತ್ತು 3 ಬೀಪ್ ಆಗದಿದ್ದರೆ ಚಿಂತೆಯಿಲ್ಲ, ಐದು ಪಿನ್ನಿನ ಮಾಮೂಲಿ ಮಿಡಿಯಲ್ಲಿ ಅವುಗಳಿಗೆ ಕೆಲಸವಿಲ್ಲ. ಉದ್ದ 15 ಮೀಟರ್ ದಾಟಬಾರದು. ವೇದಿಕೆಯ ಮೇಲೆ 3 ಮೀಟರ್ ಧಾರಾಳವಾಯಿತು.

ಈಗ ಹೆಚ್ಚಾಗಿ ಕಾಣುವ ತಪ್ಪು ಯುಎಸ್‌ಬಿಯದು. ಕಡಿಮೆ ಬೆಲೆಯ ಅನೇಕ ಕೀಬೋರ್ಡ್‌ಗಳಲ್ಲಿ ಐದು ಪಿನ್ನಿನ ತೂತೇ ಇರುವುದಿಲ್ಲ, ಚೌಕಾಕಾರದ ಯುಎಸ್‌ಬಿ ಟು ಹೋಸ್ಟ್ ಮಾತ್ರ ಇರುತ್ತದೆ. ಅಂಥ ಎರಡು ಕೀಬೋರ್ಡ್‌ಗಳನ್ನು ಯುಎಸ್‌ಬಿ ತಂತಿಯಿಂದ ನೇರ ಜೋಡಿಸಿದರೆ ಅವು ಮಾತಾಡುವುದಿಲ್ಲ. ಎರಡೂ ಅಪ್ಪಣೆಗೆ ಕಾಯುವ ಕಡೆಯವು, ಅಪ್ಪಣೆ ಕೊಡುವವರು ಯಾರೂ ಇಲ್ಲ. ನಡುವೆ ಕಂಪ್ಯೂಟರ್ ಬೇಕು, ಇಲ್ಲವೇ ಯುಎಸ್‌ಬಿ ಮಿಡಿ ಹೋಸ್ಟ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಪೆನ್ ಡ್ರೈವ್ ಹಾಕುವ ಚಪ್ಪಟೆ ತೂತು ಸಾಮಾನ್ಯವಾಗಿ ಈ ಕೆಲಸಕ್ಕೆ ಬರುವುದಿಲ್ಲ.

ಹಂತ 2: ಚಾನೆಲ್ ಹಂಚಿಕೆ ಕಾಗದದ ಮೇಲೆ

ಒಂದು ಮಿಡಿ ಕೇಬಲ್‌ನಲ್ಲಿ 16 ಚಾನೆಲ್. ಒಂದು ಚಾನೆಲ್‌ಗೆ ಒಂದು ಹೊತ್ತಿಗೆ ಒಂದೇ ಧ್ವನಿ. ಯಾವ ಚಾನೆಲ್ ಯಾರದೆಂದು ಮೆನು ತೆರೆಯುವ ಮುಂಚೆಯೇ ಬರೆದಿಡಿ. ರಸಮಂಜರಿಗೆ ಹೊಂದುವ ಒಂದು ಹಂಚಿಕೆ ಹೀಗೆ:

ಚಾನೆಲ್ 1: ಕೆಳಗಿನ ಕೀಬೋರ್ಡ್‌ನ ಸ್ವಂತ ಧ್ವನಿ
ಚಾನೆಲ್ 2: ಮೇಲಿನದರಲ್ಲಿ ಸ್ಟ್ರಿಂಗ್ಸ್
ಚಾನೆಲ್ 3: ಮೇಲಿನದರಲ್ಲಿ ಕೊಳಲು
ಚಾನೆಲ್ 4: ಮೇಲಿನದರಲ್ಲಿ ಶಹನಾಯಿ
ಚಾನೆಲ್ 10: ರಿದಂ ಪ್ಯಾಡ್
ಚಾನೆಲ್ 16: ಖಾಲಿ. ಇದರ ಕೆಲಸ ಮುಂದಿನ ಹಂತದಲ್ಲಿ ಬರುತ್ತದೆ.

10ನ್ನು ತಾಳಕ್ಕೇ ಬಿಡಿ. 1991ರಲ್ಲಿ ಬಂದ ಜನರಲ್ ಮಿಡಿ ಒಪ್ಪಂದದ ಪ್ರಕಾರ ಅದು ತಾಳವಾದ್ಯದ ಚಾನೆಲ್. ಅಲ್ಲಿ ಕೊಳಲು ಕೇಳಿದರೆ ಡೋಲು, ತಟ್ಟೆಯ ಸದ್ದು ಬರುತ್ತದೆ.

ಸ್ಟೈಲ್ (ತಾನಾಗಿ ನುಡಿಯುವ ಹಿನ್ನೆಲೆ ವಾದ್ಯಮೇಳ) ಇರುವ ಅರೇಂಜರ್ ಕೀಬೋರ್ಡ್ ಆದರೆ ಇನ್ನೊಂದು ಎಚ್ಚರ ಬೇಕು. ಸ್ಟೈಲ್‌ನ ಡ್ರಮ್, ಬಾಸ್, ಕಾರ್ಡ್ ಭಾಗಗಳು ಯಮಹಾದ ಹಲವು ಮಾದರಿಗಳಲ್ಲಿ 9ರಿಂದ 16ರವರೆಗಿನ ಚಾನೆಲ್‌ಗಳಲ್ಲಿ ಹೊರಹೋಗುತ್ತವೆ. ಸ್ಟೈಲ್ ಶುರುಮಾಡಿದ ತಕ್ಷಣ ಮೇಲಿನ ಕೀಬೋರ್ಡ್ ತಾನಾಗಿಯೇ ಬಾಸ್ ನುಡಿಸತೊಡಗಿದರೆ ಕಾರಣ ಇದೇ. ಮಿಡಿ ಮೆನುವಿನಲ್ಲಿ ಸ್ಟೈಲ್ ಔಟ್ ಆಫ್ ಮಾಡಿ.

ಹಂತ 3: ಮೇಲಿನ ಕೀಬೋರ್ಡ್ ಯಾವ ಮೋಡ್‌ನಲ್ಲಿದೆ?

ಅತಿ ಹೆಚ್ಚು ಜನ ಎಡವುವುದು ಇಲ್ಲಿ.

ಸಿಂಥಸೈಜರ್ ಒಂದೇ ಪ್ಯಾಚ್ (ಅಂದರೆ ಒಂದೇ ಟೋನ್) ನುಡಿಸುವ ಮೋಡ್‌ನಲ್ಲಿದ್ದಾಗ ಒಂದೇ ಚಾನೆಲ್ ಕೇಳಿಸಿಕೊಳ್ಳುತ್ತದೆ. 2, 3, 4 ಮೂರರಲ್ಲೂ ಬೇರೆ ಬೇರೆ ಧ್ವನಿ ಬೇಕಾದರೆ ಅದನ್ನು ಮಲ್ಟಿ ಮೋಡ್‌ಗೆ ತರಬೇಕು. ಈ ಮೋಡ್‌ಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ರೋಲ್ಯಾಂಡ್‌ನಲ್ಲಿ ಪರ್ಫಾರ್ಮೆನ್ಸ್, ಕೊರ್ಗ್‌ನಲ್ಲಿ ಕಾಂಬಿ, ಇನ್ನು ಕೆಲವರಲ್ಲಿ ಮಲ್ಟಿ ಅಥವಾ ಮಿಕ್ಸ್. ಹೆಸರು ಏನೇ ಇರಲಿ, ಒಳಗೆ ಪಾರ್ಟ್ 1, ಪಾರ್ಟ್ 2 ಎಂದು ಸಾಲು ಇರುತ್ತದೆ, ಪ್ರತಿ ಪಾರ್ಟ್‌ಗೂ ತನ್ನದೇ ರಿಸೀವ್ ಚಾನೆಲ್ ಇರುತ್ತದೆ.

ಈ ಮೋಡ್‌ನಲ್ಲಿ ಎಡವಿ ಬೀಳುವ ಹಳ್ಳವೊಂದಿದೆ. ಇಡೀ ಕೀಬೋರ್ಡ್‌ಗೆ ಸೇರಿದ ಇನ್ನೊಂದು ಚಾನೆಲ್ ಇರುತ್ತದೆ. ರೋಲ್ಯಾಂಡ್‌ನಲ್ಲಿ ಅದನ್ನು ಕಂಟ್ರೋಲ್ ಚಾನೆಲ್, ಕೊರ್ಗ್‌ನಲ್ಲಿ ಗ್ಲೋಬಲ್ ಚಾನೆಲ್ ಅನ್ನುತ್ತಾರೆ. ಆ ಚಾನೆಲ್‌ನಲ್ಲಿ ಪ್ರೋಗ್ರಾಂ ಚೇಂಜ್ ಬಂದರೆ ಒಂದು ಪಾರ್ಟ್ ಅಲ್ಲ, ಇಡೀ ಜೋಡಣೆಯೇ ಬದಲಾಗುತ್ತದೆ. ನಿಮ್ಮ ಸ್ಟ್ರಿಂಗ್ಸ್ ಚಾನೆಲ್ 2 ಆಗಿದ್ದು ಗ್ಲೋಬಲ್ ಕೂಡ 2 ಆಗಿದ್ದರೆ, ಸ್ಟ್ರಿಂಗ್ಸ್ ಬದಲಿಸಲು ಹೋದಾಗ ಕೊಳಲು, ಶಹನಾಯಿ ಎರಡೂ ಮಾಯ. ಖಾಲಿ ಇಟ್ಟ 16 ಇದಕ್ಕೇ. ಗ್ಲೋಬಲ್ ಅಥವಾ ಕಂಟ್ರೋಲ್ ಚಾನೆಲನ್ನು 16ಕ್ಕೆ ಕಳಿಸಿಬಿಡಿ. ಆಫ್ ಮಾಡುವ ಅವಕಾಶವಿದ್ದರೆ ಅದೂ ಆಗುತ್ತದೆ.

ಹಂತ 4: ಸ್ವರ ದಾಟುವುದೇ ಎಂಬ ಪರೀಕ್ಷೆ

ಕೆಳಗಿನದರಲ್ಲಿ ಟ್ರಾನ್ಸ್‌ಮಿಟ್ ಚಾನೆಲ್ 2 ಇಡಿ. ಮೇಲಿನದರ ಪಾರ್ಟ್ 2ರಲ್ಲಿ ರಿಸೀವ್ ಚಾನೆಲ್ 2 ಇಡಿ. ಮೇಲಿನದರ ಆಮ್ನಿ ಆಫ್ ಆಗಿರಬೇಕು. ಆಮ್ನಿ ಆನ್ ಇದ್ದರೆ ಅದು 16 ಚಾನೆಲ್‌ಗಳಲ್ಲಿ ಬಂದದ್ದನ್ನೆಲ್ಲ ತನ್ನದೆಂದೇ ನುಡಿಸುತ್ತದೆ. ಪ್ಯಾಡ್ ಹೊಡೆದಾಗ ಶಹನಾಯಿ ಕೂಗುವ ರೋಗದ ಮೂಲ ಬಹುತೇಕ ಆಮ್ನಿಯೇ.

ಈಗ ಒಂದು ಸ್ವರ ಒತ್ತಿ. ಮೇಲಿನದರಿಂದ ಧ್ವನಿ ಬಂದರೆ ಅರ್ಧ ಗೆದ್ದ ಹಾಗೆ. ಆಮೇಲೆ ಕೆಳಗಿನದರ ಚಾನೆಲ್ 5ಕ್ಕೆ ಬದಲಿಸಿ ಮತ್ತೆ ಒತ್ತಿ. ಈಗ ಮೌನ ಇರಬೇಕು. ಈ ಮೌನದ ಪರೀಕ್ಷೆಯನ್ನು ಬಿಡಲೇಬೇಡಿ. 5ರಲ್ಲೂ ಧ್ವನಿ ಬರುತ್ತಿದ್ದರೆ ಆಮ್ನಿ ಇನ್ನೂ ಆನ್ ಇದೆ, ಅಥವಾ ಇನ್ನೊಂದು ಪಾರ್ಟ್ 5ನ್ನು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಬೇಡದ ಪಾರ್ಟ್‌ಗಳನ್ನು ಆಫ್ ಮಾಡಿ, ಹೀಗೇ 3 ಮತ್ತು 4ನ್ನೂ ಪರೀಕ್ಷಿಸಿ.

ಹಂತ 5: ಲೋಕಲ್ ಕಂಟ್ರೋಲ್

ಕೀಬೋರ್ಡ್‌ನ ಮಣೆಗೂ ಅದರೊಳಗಿನ ಧ್ವನಿಗೂ ಇರುವ ಒಳಸಂಬಂಧವೇ ಲೋಕಲ್. ಎರಡು ಕೀಬೋರ್ಡ್ ನೇರ ಜೋಡಿಸಿದಾಗ ಅದು ಆನ್ ಇರಲಿ. ಲ್ಯಾಪ್‌ಟಾಪ್ ನಡುವೆ ಬಂದು, ಬಂದ ಸ್ವರವನ್ನೇ ತಿರುಗಿ ಅದೇ ಕೀಬೋರ್ಡ್‌ಗೆ ಕಳಿಸುತ್ತಿದ್ದರೆ ಮಾತ್ರ ಆಫ್ ಮಾಡಿ. ಇಲ್ಲದಿದ್ದರೆ ಒಂದೇ ಸ್ವರ ಎರಡೆರಡು ಸಲ ನುಡಿದು, ಧ್ವನಿ ಮೂಗಿನಲ್ಲಿ ಹಾಡಿದಂತೆ ಕೇಳುತ್ತದೆ, ಒಟ್ಟಿಗೆ ನುಡಿಯಬಲ್ಲ ಸ್ವರಗಳ ಸಂಖ್ಯೆಯೂ ಅರ್ಧಕ್ಕಿಳಿಯುತ್ತದೆ.

ಬಾಡಿಗೆ ಕೀಬೋರ್ಡ್ ಆನ್ ಮಾಡಿದರೆ ಡೆಮೊ ಹಾಡು ಕೇಳುತ್ತದೆ, ಮಣೆ ಒತ್ತಿದರೆ ಸದ್ದಿಲ್ಲ. ರಿಪೇರಿ ಅಂಗಡಿಗೆ ಹೊರುವ ಮುಂಚೆ ಲೋಕಲ್ ನೋಡಿ.

ಹಂತ 6: ಬ್ಯಾಂಕ್ ಮೊದಲು, ಪ್ರೋಗ್ರಾಂ ನಂತರ

ಪ್ರೋಗ್ರಾಂ ಚೇಂಜ್ ಎಂದರೆ ಬರೀ ಒಂದು ನಂಬರ್. ಒಟ್ಟು 128 ಮಾತ್ರ ಸಾಧ್ಯ. ಈಗಿನ ಕೀಬೋರ್ಡ್‌ನಲ್ಲಿ 500, 1000 ಟೋನ್ ಇರುವುದರಿಂದ ಅವನ್ನು ಬ್ಯಾಂಕ್‌ಗಳಾಗಿ ವಿಂಗಡಿಸಿರುತ್ತಾರೆ. ದಾವಣಗೆರೆಯ ಎಂಸಿಸಿ ಬಡಾವಣೆಗೆ ಆಟೋ ಹತ್ತಿ ‘ಎ ಬ್ಲಾಕೋ ಬಿ ಬ್ಲಾಕೋ’ ಹೇಳದೆ ಬರೀ ಮನೆ ನಂಬರ್ ಕೊಟ್ಟರೆ ಆಟೋದವರು ಎಲ್ಲಿಗೆ ಹೋಗಬೇಕು? ಬ್ಯಾಂಕ್ ಎಂದರೆ ಬ್ಲಾಕ್, ಪ್ರೋಗ್ರಾಂ ಎಂದರೆ ಮನೆ ನಂಬರ್.

ಬ್ಯಾಂಕ್‌ಗೂ ಎರಡು ಭಾಗ: ಕಂಟ್ರೋಲ್ ಚೇಂಜ್ ಎಂಬ ಸಂದೇಶದ ನಂಬರ್ 0ರಲ್ಲಿ ಹೋಗುವ ಎಂಎಸ್‌ಬಿ, 32ರಲ್ಲಿ ಹೋಗುವ ಎಲ್‌ಎಸ್‌ಬಿ. ಕಳಿಸುವ ಕ್ರಮ ಹೀಗೇ ಇರಬೇಕು: ಎಂಎಸ್‌ಬಿ, ಎಲ್‌ಎಸ್‌ಬಿ, ಕೊನೆಗೆ ಪ್ರೋಗ್ರಾಂ. ಮೂರೂ ಅದೇ ಚಾನೆಲ್‌ನಲ್ಲಿ. ಬ್ಯಾಂಕ್ ಸಂದೇಶ ಬಂದ ಮಾತ್ರಕ್ಕೆ ಧ್ವನಿ ಬದಲಾಗುವುದಿಲ್ಲ, ಅದು ಪ್ರೋಗ್ರಾಂಗಾಗಿ ಕಾದು ಕೂರುತ್ತದೆ. ಕ್ರಮ ತಿರುವುಮುರುವಾಗಿ ಪ್ರೋಗ್ರಾಂ ಮೊದಲು ಹೋದರೆ ಈ ಹಾಡಿಗೆ ಹಳೆಯ ಬ್ಯಾಂಕ್‌ನ ಟೋನ್ ಬರುತ್ತದೆ, ಈ ಹಾಡಿನ ಬ್ಯಾಂಕ್ ಮುಂದಿನ ಹಾಡಿಗೆ ಅಂಟಿಕೊಳ್ಳುತ್ತದೆ. ಬ್ಯಾಂಕ್ ಸದಾ ಒಂದು ಹಾಡು ಹಿಂದೆ ಬೀಳುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ಬ್ಯಾಂಕ್ ನಂಬರ್ ಊಹಿಸಬೇಡಿ, ಲಿಸ್ಟ್ ನೋಡಿ. ಜನರಲ್ ಮಿಡಿ 2 ಪಾಲಿಸುವ ಕೀಬೋರ್ಡ್‌ನಲ್ಲಿ ಮಾಮೂಲಿ ವಾದ್ಯಗಳ ಎಂಎಸ್‌ಬಿ 121. ಯಮಹಾ ಪಿಎಸ್‌ಆರ್ ಸರಣಿಯ ಹಲವು ಮಾದರಿಗಳಲ್ಲಿ ಪ್ಯಾನೆಲ್ ವಾಯ್ಸ್‌ಗಳಿಗೆ (ಕಂಪನಿಯ ಸ್ವಂತ ಟೋನ್‌ಗಳಿಗೆ) ಎಂಎಸ್‌ಬಿ 0, ಎಲ್‌ಎಸ್‌ಬಿ 112. ಎಲ್‌ಎಸ್‌ಬಿ ಹಾಕದೆ ಬಿಟ್ಟರೆ ಅದೇ ಯಮಹಾದಲ್ಲಿ ಹೆಸರಿಗೆ ಅದೇ ವಾದ್ಯದ, ಆದರೆ ಸಪ್ಪೆ ಧ್ವನಿ ಬಂದು ‘ಕೀಬೋರ್ಡ್ ಹಳೆಯದಾಯಿತು’ ಎಂಬ ಮಾತು ಹುಟ್ಟುತ್ತದೆ.

*ಒಂದು ನಂಬರಿನ ವ್ಯತ್ಯಾಸ.* ಕೇಬಲ್ ಒಳಗೆ ಪ್ರೋಗ್ರಾಂ ನಂಬರ್ 0ರಿಂದ 127. ಲಿಸ್ಟ್‌ಗಳಲ್ಲಿ ಸಾಮಾನ್ಯವಾಗಿ 1ರಿಂದ 128. ಕೆಲವು ಕೀಬೋರ್ಡ್ ಮೊದಲನೆಯ ರೀತಿ ತೋರಿಸುತ್ತವೆ, ಕೆಲವು ಎರಡನೆಯ ರೀತಿ. ಜನರಲ್ ಮಿಡಿಯಲ್ಲಿ ಪಿಯಾನೊ 1, ಹಾರ್ಮೋನಿಯಂಗೆ ಹತ್ತಿರದ ರೀಡ್ ಆರ್ಗನ್ 21, ಸ್ಟ್ರಿಂಗ್ಸ್ 49, ಕೊಳಲು 74, ಸಿತಾರ್ 105, ಶಹನಾಯಿ 112. 74 ಕಳಿಸಿದಾಗ ಕೊಳಲಿನ ಬದಲು ರೆಕಾರ್ಡರ್ ಎಂಬ ಪಾಶ್ಚಾತ್ಯ ಪೀಪಿ ಬಂದರೆ ನಿಮ್ಮ ಕೀಬೋರ್ಡ್ 0ರಿಂದ ಎಣಿಸುತ್ತಿದೆ, 73 ಹಾಕಿ. ಪಿಕಲೊದ ಕೀರಲು ಬಂದರೆ ವ್ಯತ್ಯಾಸ ಇನ್ನೊಂದು ಕಡೆಗೆ, 75 ಹಾಕಿ. ಒಂದು ಟೋನ್‌ನಲ್ಲಿ ಪತ್ತೆಯಾದರೆ ಸಾಕು, ಎಲ್ಲಕ್ಕೂ ಅದೇ ಲೆಕ್ಕ.

ಮಾನಿಟರ್‌ನಲ್ಲಿ ನೋಡುವವರಿಗೆ ಇನ್ನೊಂದು ಮಾತು. ಚಾನೆಲ್ 3ರಲ್ಲಿ ಎಂಎಸ್‌ಬಿ 121, ಎಲ್‌ಎಸ್‌ಬಿ 0, ಕೊಳಲು ಕಳಿಸಿದರೆ ಪರದೆಯ ಮೇಲೆ ಮೂರು ಸಾಲು ಕಾಣುತ್ತವೆ:

ಬಿ2 00 79
ಬಿ2 20 00
ಸಿ2 49

ಇವು ಹದಿನಾರರ ಎಣಿಕೆಯ ಅಂಕಿಗಳು. ಚಾನೆಲ್ ಕೂಡ 0ರಿಂದ ಎಣಿಸುವುದರಿಂದ 3ನೆಯದು 2 ಎಂದು ಕಾಣುತ್ತದೆ. 79 ಎಂದರೆ 121, 20 ಎಂದರೆ 32. ಕೊನೆಯ 49 ನೋಡಿ ಸ್ಟ್ರಿಂಗ್ಸ್ ಹೋಯಿತೆಂದು ಗಾಬರಿಯಾಗಬೇಡಿ; ಹದಿನಾರರ ಎಣಿಕೆಯ 49 ನಮ್ಮ 73, ಅಂದರೆ ಲಿಸ್ಟ್‌ನ 74, ಕೊಳಲೇ. ಬಿ2 ಸಾಲುಗಳೇ ಕಾಣದಿದ್ದರೆ ಕೆಳಗಿನ ಕೀಬೋರ್ಡ್‌ನಲ್ಲಿ ಬ್ಯಾಂಕ್ ಸೆಲೆಕ್ಟ್ ಕಳಿಸುವುದು ಆಫ್ ಇದೆ. ಮೂರೂ ಸಾಲು ಸರಿಯಾಗಿದ್ದೂ ಧ್ವನಿ ಬದಲಾಗದಿದ್ದರೆ ತಡೆ ಮೇಲಿನದರಲ್ಲಿದೆ: ಅದರ ಮಿಡಿ ಮೆನುವಿನಲ್ಲಿ ರಿಸೀವ್ ಪ್ರೋಗ್ರಾಂ ಚೇಂಜ್, ರಿಸೀವ್ ಬ್ಯಾಂಕ್ ಸೆಲೆಕ್ಟ್ ಎರಡನ್ನೂ ಆನ್ ಮಾಡಿ. ಪಾರ್ಟ್ ಪಾರ್ಟ್‌ಗೂ ಬೇರೆ ಸ್ವಿಚ್ ಇರುವ ಮಾದರಿಗಳಿವೆ, ಅವನ್ನೂ ನೋಡಿ.

ಹಂತ 7: ಹಾಡಿನ ನಡುವೆ ಚಾನೆಲ್, ಹಾಡು ಹಾಡಿನ ನಡುವೆ ಪ್ರೋಗ್ರಾಂ

ವೇದಿಕೆಯಲ್ಲಿ ಮುಜುಗರ ತಪ್ಪಿಸುವ ನಿಯಮ ಇದು. ಮಿಡಿಯಲ್ಲಿ ಒಂದು ಬೈಟ್ ಸಾಗಲು 320 ಮೈಕ್ರೊಸೆಕೆಂಡ್ ಬೇಕು. ಬ್ಯಾಂಕ್‌ನ ಎರಡು ಸಂದೇಶ, ಒಂದು ಪ್ರೋಗ್ರಾಂ ಸೇರಿ 8 ಬೈಟ್. ಮೂರು ಮಿಲಿಸೆಕೆಂಡ್ ಕೂಡ ಆಗುವುದಿಲ್ಲ. ಕೇಬಲ್ ತಡ ಮಾಡುವುದಿಲ್ಲ. ತಡವಾಗುವುದು ಮೇಲಿನ ಕೀಬೋರ್ಡ್ ಹೊಸ ಟೋನ್ ಮತ್ತು ಅದರ ಎಫೆಕ್ಟ್ ಎತ್ತಿಕೊಳ್ಳುವಾಗ. ಹಲವು ಮಾದರಿಗಳಲ್ಲಿ ಆ ಹೊತ್ತಿಗೆ ನುಡಿಯುತ್ತಿದ್ದ ಸ್ವರ ಕತ್ತರಿಸಿದಂತೆ ನಿಲ್ಲುತ್ತದೆ. ಪಲ್ಲವಿಯ ಸ್ಟ್ರಿಂಗ್ಸ್ ಇನ್ನೂ ತೇಲುತ್ತಿರುವಾಗ ಕೊಳಲಿನ ಬಿಟ್‌ಗೆ ಪ್ರೋಗ್ರಾಂ ಬದಲಿಸಿದರೆ ಆ ಕತ್ತರಿಸಿದ ಸದ್ದು ಸ್ಪೀಕರ್‌ನಲ್ಲಿ ಎಲ್ಲರಿಗೂ ಕೇಳುತ್ತದೆ.

ಆದ್ದರಿಂದ ಒಂದು ಹಾಡಿಗೆ ಬೇಕಾದ ಟೋನ್‌ಗಳನ್ನೆಲ್ಲ ಮೊದಲೇ 2, 3, 4ರಲ್ಲಿ ತುಂಬಿಡಿ. ಹಾಡಿನ ನಡುವೆ ಕೆಳಗಿನ ಕೀಬೋರ್ಡ್‌ನ ಟ್ರಾನ್ಸ್‌ಮಿಟ್ ಚಾನೆಲ್ ಅಥವಾ ಜೋನ್ (ಒಂದು ಚಾನೆಲ್‌ಗೆ ಕಟ್ಟಿದ ಮಣೆಯ ಭಾಗ) ಮಾತ್ರ ಬದಲಿಸಿ. ಹಾಡು ಮುಗಿದು ನಿರೂಪಕರು ಮಾತಿಗೆ ನಿಂತಾಗ ಮುಂದಿನ ಹಾಡಿನ ಪ್ರೋಗ್ರಾಂಗಳನ್ನು ಕಳಿಸಿ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಇವನ್ನೆಲ್ಲ ಒಂದು ರಿಜಿಸ್ಟ್ರೇಷನ್ ಅಥವಾ ಪರ್ಫಾರ್ಮೆನ್ಸ್ ಗುಂಡಿಗೆ ಕಟ್ಟಬಹುದು. ಹಾಡಿನ ಪಟ್ಟಿಯ ಕ್ರಮದಲ್ಲೇ ಗುಂಡಿಗಳಿರಲಿ.

ಚಾನೆಲ್ ಬದಲಿಸುವಾಗ ಸಸ್ಟೇನ್ ಪೆಡಲ್‌ನಿಂದ ಕಾಲು ಎತ್ತಿರಬೇಕು. ಪೆಡಲ್ ಒತ್ತಿದ ಸುದ್ದಿ 2ಕ್ಕೆ ಹೋಗಿ, ಬಿಟ್ಟ ಸುದ್ದಿ 3ಕ್ಕೆ ಹೋದರೆ 2ರ ಸ್ವರ ಎಳೆಯುತ್ತಲೇ ಇರುತ್ತದೆ. ಈಚಿನ ಕೆಲವು ಮಾದರಿಗಳು ಇದನ್ನು ತಾವೇ ಸಂಭಾಳಿಸುತ್ತವೆ, ಆದರೂ ಅಭ್ಯಾಸ ಒಳ್ಳೆಯದು. ಎಳೆಯುತ್ತಿರುವ ಸ್ವರಗಳನ್ನೆಲ್ಲ ಒಮ್ಮೆಲೇ ನಿಲ್ಲಿಸುವ ಪ್ಯಾನಿಕ್ ಗುಂಡಿ ಎಲ್ಲಿದೆಯೆಂದು ಮೊದಲೇ ತಿಳಿದಿರಲಿ.

ಹಂತ 8: ಟ್ರಾನ್ಸ್‌ಪೋಸ್ ಒಂದೇ ಕಡೆ

ಗಾಯಕರು ಬಿಳಿ ಒಂದರಿಂದ ಬಿಳಿ ಎರಡಕ್ಕೆ ಶ್ರುತಿ ಏರಿಸಲು ಹೇಳಿದರು ಅನ್ನಿ. ಕೆಳಗಿನದರಲ್ಲಿ +2 ಮಾಡಿದಿರಿ, ಅಭ್ಯಾಸಬಲದಿಂದ ಮೇಲಿನದರಲ್ಲೂ +2 ಮಾಡಿದಿರಿ. ಕೆಳಗಿನದು ಏರಿಸಿದ ಸ್ವರವನ್ನೇ ಕಳಿಸುವ ಮಾದರಿಯಾದರೆ ಮೇಲಿನದರ ಕೊಳಲು +4ರಲ್ಲಿ ನುಡಿದು ಅಪಶ್ರುತಿಯಾಗುತ್ತದೆ. ಕಳಿಸುವುದೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸಿ, ಒಂದೇ ಕಡೆ ಬದಲಿಸುವ ಪದ್ಧತಿ ಇಟ್ಟುಕೊಳ್ಳಿ.

ತಾಳಕ್ಕೂ ಇದು ತಟ್ಟುತ್ತದೆ. ಚಾನೆಲ್ 10ರಲ್ಲಿ ಸ್ವರದ ನಂಬರೇ ವಾದ್ಯ: 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ಕೀಬೋರ್ಡ್‌ನಿಂದಲೇ ತಾಳ ನುಡಿಸುತ್ತಿದ್ದು +2 ಸೇರಿದರೆ ಕಿಕ್ ಬೀಳಬೇಕಾದ ಕಡೆಯಲ್ಲೆಲ್ಲ ಸ್ನೇರ್ ಬೀಳುತ್ತದೆ.

ಹಂತ 9: ಎರಡು ಸಲ ಉಳಿಸಿ

ಪರ್ಫಾರ್ಮೆನ್ಸ್ ಉಳಿಸುವುದು ಬೇರೆ, ಸಿಸ್ಟಂ ಅಥವಾ ಗ್ಲೋಬಲ್ ಸೆಟ್ಟಿಂಗ್ ಉಳಿಸುವುದು ಬೇರೆ. ಮೊದಲನೆಯದನ್ನು ರೈಟ್ ಮಾಡಿ ಎರಡನೆಯದನ್ನು ಮರೆತರೆ ಆಮ್ನಿ, ಗ್ಲೋಬಲ್ ಚಾನೆಲ್, ರಿಸೀವ್ ಸ್ವಿಚ್ ಎಲ್ಲ ಹಳೆಯದಕ್ಕೆ ಮರಳುತ್ತವೆ. ಜನರೇಟರ್‌ಗೆ ಕರೆಂಟ್ ಬದಲಾಯಿಸುವ ಆ ಎರಡು ಸೆಕೆಂಡ್ ಸಾಕು. ಎರಡನ್ನೂ ಉಳಿಸಿ, ಪೆನ್ ಡ್ರೈವ್‌ಗೆ ಬ್ಯಾಕಪ್ ತೆಗೆದು, ಕೀಬೋರ್ಡ್ ಆಫ್ ಮಾಡಿ ಆನ್ ಮಾಡಿ. ಹಂತ 4ರ ಸದ್ದು, ಮೌನ ಎರಡೂ ಪರೀಕ್ಷೆ ಮತ್ತೆ ಪಾಸಾದರೆ ಮಾತ್ರ ಉಳಿದಿದೆ ಎಂದು ನಂಬಿ.

ಸೌಂಡ್ ಚೆಕ್‌ನಲ್ಲಿ ಕಾಣುವ ಲಕ್ಷಣಗಳು

*ಟೋನ್ ಹೆಸರು ಬದಲಾಯಿತು, ಧ್ವನಿಯೇ ಇಲ್ಲ.* ಪ್ರೋಗ್ರಾಂ ಚೇಂಜ್ ಬಂದ ಮಾತ್ರಕ್ಕೆ ಆ ಚಾನೆಲ್‌ನ ವಾಲ್ಯೂಮ್ ಮೇಲೇರಬೇಕೆಂದಿಲ್ಲ. ಹಿಂದಿನ ಹಾಡಿನ ಕೊನೆಗೆ ಸ್ಲೈಡರ್ ಇಳಿಸಿದ್ದರೆ ಸದ್ದಿನ ಮಟ್ಟ ಹೇಳುವ ಕಂಟ್ರೋಲ್ ಚೇಂಜ್ 7 ಅಥವಾ 11 ಸೊನ್ನೆಯಲ್ಲೇ ನಿಂತಿರುತ್ತದೆ. ಸ್ಲೈಡರ್ ಒಮ್ಮೆ ಪೂರ್ತಿ ಮೇಲಕ್ಕೆ ತಳ್ಳಿ. ಪ್ರತಿ ಹಾಡಿನ ಸೆಟ್ಟಿಂಗ್‌ನಲ್ಲೂ ವಾಲ್ಯೂಮ್ 100 ಎಂದು ಸೇರಿಸಿಡುವುದು ಕಾಯಂ ಪರಿಹಾರ.

*ಪ್ಯಾಡ್‌ನವರು ಕಿಟ್ ಬದಲಿಸಿದಾಗ ಮೇಲಿನ ಕೀಬೋರ್ಡ್‌ನ ಟೋನ್ ಬದಲಾಗುತ್ತದೆ.* ಪ್ಯಾಡ್ ಕೂಡ ಪ್ರೋಗ್ರಾಂ ಚೇಂಜ್ ಕಳಿಸಬಲ್ಲದು. ಪ್ಯಾಡ್‌ನ ಚಾನೆಲ್ 10 ಇದೆಯೇ ನೋಡಿ, ಬೇಡವಾದರೆ ಅದರ ಪ್ರೋಗ್ರಾಂ ಚೇಂಜ್ ಟ್ರಾನ್ಸ್‌ಮಿಟ್ ಆಫ್ ಮಾಡಲು ಹೇಳಿ.

*ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಗುಂಯ್ ಎಂಬ ಸದ್ದು.* ಇದು ಮಿಡಿ ಸೆಟ್ಟಿಂಗ್‌ನ ತಪ್ಪಲ್ಲ. ಐದು ಪಿನ್ನಿನ ಮಿಡಿ ಇನ್ ಒಳಗೆ ಬೆಳಕಿನ ಮೂಲಕ ಸಂದೇಶ ದಾಟಿಸುವ ಬಿಡಿಭಾಗ ಇರುವುದರಿಂದ ಎರಡು ಯಂತ್ರಗಳ ಅರ್ತ್ ಬೆಸೆದುಕೊಳ್ಳುವುದಿಲ್ಲ. ಯುಎಸ್‌ಬಿಯಲ್ಲಿ ಬೆಸೆದುಕೊಳ್ಳುತ್ತದೆ. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಆ ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಅಥವಾ ಐದು ಪಿನ್ನಿನ ಕೇಬಲ್‌ಗೆ ಮರಳಿ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಕೆಲಸ ಮಾತ್ರ ಮಾಡಬೇಡಿ. ಮೈಕ್ ಹಿಡಿದವರಿಗೆ, ಕೀಬೋರ್ಡ್ ಮುಟ್ಟಿದವರಿಗೆ ಶಾಕ್ ಹೊಡೆದು ಜೀವಕ್ಕೇ ಅಪಾಯವಾಗಬಹುದು.

*ಮನೆಯಲ್ಲಿ ಸರಿಯಿತ್ತು, ವೇದಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಸ್ವರ ನಿಲ್ಲದೆ ಎಳೆಯುತ್ತದೆ.* ಸ್ವರ ಬಿಟ್ಟ ಸಂದೇಶ ದಾರಿಯಲ್ಲಿ ಕಳೆದುಹೋಗುತ್ತಿದೆ, ಅಂದರೆ ಕೇಬಲ್ ಅಲುಗಾಡುತ್ತಿದೆ. ಪ್ಲಗ್ ಕಿತ್ತು ಧೂಳು ಒರೆಸಿ, ಗಟ್ಟಿಯಾಗಿ ಕೂರಿಸಿ, ತಂತಿಯನ್ನು ಸ್ಟ್ಯಾಂಡ್‌ಗೆ ಟೇಪಿನಿಂದ ಕಟ್ಟಿ. ಆಮೇಲೂ ಎಳೆದರೆ ಎರಡನೇ ಕೇಬಲ್ ಹಾಕಿ, ಹಳೆಯದನ್ನು ಮತ್ತೆ ಚೀಲಕ್ಕೆ ತುಂಬದೆ ಅಲ್ಲೇ ಗಂಟು ಹಾಕಿ ಬೇರೆ ಇಡಿ.